ನಾಲ್ಕು ನಿಮಿಷ ಮುಂಚೆ

ಜೂನ್ 3, ಮಂಗಳವಾರ

ಇವತ್ತಿನಿಂದ ನಾಲ್ಕು ವಾರ ನನ್ನ ಬಾಯಿಗೆ ಬೀಗ. ನಿನ್ನೆ ಗಂಟಲಿನ ಡಾಕ್ಟರು ಒಳಗಿದ್ದ ಎರಡು ಗಂಟುಗಳನ್ನು ತೆಗೆದು ಶೀಶೆಯಲ್ಲಿ ಹಾಕಿ ತೋರಿಸಿದರು. ಸಾಸಿವೆ ಕಾಳಿನಷ್ಟೂ ಇಲ್ಲ, ಎರಡು ತಿಂಗಳಿಂದ ನನ್ನ ದನಿಯ ಕತ್ತು ಹಿಸುಕಿದ್ದು ಇವೇ ಅಂತೆ. ಮಾತಾಡಬಾರದು, ಪಿಸುಗುಟ್ಟಲೂ ಬಾರದು, ಕೆಮ್ಮು ಬಂದರೂ ಯೋಚಿಸಿ ಕೆಮ್ಮಿ ಎಂದರು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಇಪ್ಪತ್ತೊಂದು ವರ್ಷ ಬರುವ ಬಸ್ಸು ಹೋಗುವ ಬಸ್ಸು ಕೂಗಿದವಳಿಗೆ ಹೇಳುವ ಮಾತೇ ಇದು? ಹೊಟ್ಟೆಯಲ್ಲಿ ಉಳಿದ ಮಾತು ಎಲ್ಲಾದರೂ ಹೋಗಬೇಕಲ್ಲ, ಅದಕ್ಕೇ ಈ ಪುಸ್ತಕ ತೆರೆದಿದ್ದೇನೆ.

ನಮ್ಮವರು ಸೇತುವೆ ಕೆಲಸದ ಮೇಲೆ ಎರಡು ತಿಂಗಳು ಹೊರಗಿದ್ದಾರೆ. ಮನೆಯಲ್ಲಿರುವುದು ನಾನು ಮತ್ತು ಹೆಡ್‌ಮೇಡಂ. ಹೆಡ್‌ಮೇಡಂ ಎಂದರೆ ನಮ್ಮ ಅತ್ತೆ. ಈ ಹೆಸರು ನನ್ನ ಮನಸ್ಸಿನಲ್ಲಿ ಮಾತ್ರ ಇತ್ತು, ಇವತ್ತಿನಿಂದ ಈ ಪುಸ್ತಕದಲ್ಲೂ ಇರುತ್ತದೆ. ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು, ಮನೆಯನ್ನು ಇನ್ನೂ ಎಂಟನೇ ತರಗತಿ ಎಂದೇ ತಿಳಿದಿದ್ದಾರೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮುಂದಿನ ತಿಂಗಳು ಆಪರೇಷನ್, ಅಲ್ಲಿಯವರೆಗೆ ಎಲ್ಲವೂ ಮಂಜು. ಒಬ್ಬಳಿಗೆ ಬಾಯಿಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ, ನಾಲ್ಕು ವಾರ ಒಂದೇ ಮನೆಯಲ್ಲಿ. ದೇವರಿಗೆ ಬೇರೆ ಕೆಲಸ ಇರಲಿಲ್ಲವೇನೋ.

ಬೆಳಗ್ಗೆ ಎಂದಿನಂತೆ ಅಡುಗೆಮನೆ ಬಾಗಿಲಲ್ಲಿ ನಿಂತು "ಎಂಟೂಕಾಲಾಯ್ತು, ಇನ್ನೂ ಇಲ್ಲೇ ಇದ್ದೀಯಲ್ಲ" ಎಂದರು. ರಜೆ ಎಂದು ಹೇಳಲು ಬಾಯಿಲ್ಲ, ಕೈಯಾಡಿಸಿದರೆ ಅವರಿಗೆ ಕಾಣುವುದಿಲ್ಲ. ಕಪಾಟಿನ ಮೇಲಿನ ಗಡಿಯಾರ ನೋಡಿದೆ. ಎಂದಿನಂತೆ ಮುಂದಿತ್ತು. ಆ ಗಡಿಯಾರಕ್ಕೆ ಓಡುವ ರೋಗ. ಒಂದು ವಾರ ಒಂಬತ್ತು ನಿಮಿಷ ಮುಂದೆ, ಇನ್ನೊಂದು ವಾರ ಹದಿಮೂರು. ಮೂರು ಸಲ ರಿಪೇರಿಗೆ ಕೊಟ್ಟೆ, ಮೂರು ಸಲವೂ ಅಂಗಡಿಯವನು ದೋಷವೇ ಇಲ್ಲ ಎಂದು ವಾಪಸು ಕೊಟ್ಟ. ಬಿಸಾಡೋಣ ಎಂದರೆ ಹೆಡ್‌ಮೇಡಂ ಒಪ್ಪುವುದಿಲ್ಲ. ಪ್ರತಿ ಭಾನುವಾರ ಅದರ ಧೂಳು ಒರೆಸುವವರೂ ಅವರೇ, ಬೇರೆ ಯಾರೂ ಮುಟ್ಟಬಾರದು.

ಜೂನ್ 5, ಗುರುವಾರ

ನಿಲ್ದಾಣದ ಮ್ಯಾನೇಜರರು ಮನೆಗೇ ಬಂದಿದ್ದರು. ಕೈಯಲ್ಲಿ ಹಣ್ಣು, ಜೇಬಿನಲ್ಲಿ ಕಾಗದ. ಹಣ್ಣು ಮೊದಲು ಕೊಟ್ಟರು, ಒಳ್ಳೆಯ ಮನುಷ್ಯ.

ಕಾಗದ ಪ್ರಧಾನ ಕಚೇರಿಯದು. ಜುಲೈನಿಂದ ಎಲ್ಲ ನಿಲ್ದಾಣಗಳಲ್ಲಿ ಮೊದಲೇ ರೆಕಾರ್ಡು ಮಾಡಿದ ದನಿಯ ಯಂತ್ರವೇ ಬಸ್ಸುಗಳನ್ನು ಕೂಗುತ್ತದಂತೆ. ಮೈಕಿನ ಕೋಣೆಯವರನ್ನು ಬೇರೆ ಕಡೆ ಹಾಕಬೇಕಂತೆ. ನನ್ನ ಪಾಲಿಗೆ ಬಂದದ್ದು ಮರೆತುಹೋದ ಸಾಮಾನಿನ ಕೋಣೆ. ಕಿಟಕಿಯಿಲ್ಲ. ನಲವತ್ತೊಂದು ಛತ್ರಿ, ಜೊತೆ ತಪ್ಪಿದ ಚಪ್ಪಲಿಗಳು, ಯಾರದೋ ಕಟ್ಟಿಸಿದ ಹಲ್ಲಿನ ಸೆಟ್ಟು. ಸತತ ಇಪ್ಪತ್ತು ವರ್ಷ ಒಂದು ದಿನವೂ ತಡವಾಗದೆ ಬಂದವಳೆಂದು ಇದೇ ಇಲಾಖೆ ಕೊಟ್ಟ ಪ್ರಮಾಣಪತ್ರ ಗೋಡೆಯ ಮೇಲೆ ನೇತಾಡುತ್ತಿತ್ತು, ಮ್ಯಾನೇಜರರು ಅದರ ಕೆಳಗೇ ಕೂತು ಇದನ್ನು ಓದಿದರು. ಮನೆ ಹಾರಿಹೋಗುವ ಹಾಗೆ ಅರಚಬೇಕು ಎನ್ನಿಸಿದ ದಿನವೇ ಅರಚುವ ಹಾಗಿಲ್ಲ. ಅತ್ತೆಯ ಹಳೆಯ ಸ್ಲೇಟು ತಂದು "ಆಗಲ್ಲ" ಎಂದು ಬರೆದು ಕೆಳಗೆ ನಾಲ್ಕು ಗೆರೆ ಎಳೆದೆ. ಬಳಪ ಮುರಿಯಿತು.

ಹೆಡ್‌ಮೇಡಂ ಸುಮ್ಮನೆ ಕೇಳುತ್ತಿದ್ದವರು ಒಂದೇ ಪ್ರಶ್ನೆ ಹಾಕಿದರು. ಬಸ್ಸು ಈಗ ಎಲ್ಲಿದೆ ಅಂತ ಆ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಗೊತ್ತಾಗುವುದಿಲ್ಲ, ವೇಳಾಪಟ್ಟಿ ನೋಡಿ ಕೂಗುತ್ತದೆ ಎಂದರು ಮ್ಯಾನೇಜರರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದ್ದರೂ ಬಂತು ಬಂತು ಎನ್ನುತ್ತಿರುತ್ತದೆ ಅನ್ನಿ ಎಂದರು ಇವರು. ಮ್ಯಾನೇಜರರು ತಲೆ ಕೆರೆದುಕೊಂಡು ಕಾಗದದ ಕೊನೆಯ ಪ್ಯಾರಾ ಓದಿದರು. ಬಸ್ಸುಗಳು ಎಲ್ಲಿವೆ ಎಂಬ ಮಾಹಿತಿ ಎಪಿಐ ಮೂಲಕ ಎಲ್ಲರಿಗೂ ಸಿಗುತ್ತದೆ, ಯಾವುದಾದರೂ ನಿಲ್ದಾಣ ತಾನೇ ಅದನ್ನು ಪರದೆಯ ಮೇಲೆ ತೋರಿಸುವ ಏರ್ಪಾಡು ಮಾಡಿಕೊಂಡರೆ ಅಲ್ಲಿಗೆ ಯಂತ್ರ ಬೇಡ, ಪರದೆ ನೋಡಿಕೊಳ್ಳಲು ಒಬ್ಬರನ್ನು ಉಳಿಸಿಕೊಳ್ಳಬಹುದು. "ಅದನ್ನೆಲ್ಲ ನಮ್ಮಲ್ಲಿ ಯಾರು ಮಾಡ್ತಾರೆ" ಎಂದು ನಕ್ಕು ಚಹಾ ಕುಡಿದು ಹೋದರು. ಅವರು ಹೋದ ಮೇಲೆ ಆ ಪ್ಯಾರಾ ನಾಲ್ಕು ಸಲ ಓದಿದೆ.

ಜೂನ್ 7, ಶನಿವಾರ

ನಮ್ಮವರ ಹಳೆಯ ಲ್ಯಾಪ್‌ಟಾಪಿನ ಧೂಳು ಕೊಡವಿ, ವೆಬ್ ಪುಟ ಮಾಡುವುದು ಹೇಗೆ ಎಂದು ಕಲಿಸುವ ವೀಡಿಯೊ ಹಾಕಿದೆ. ಮೊದಲ ಅರ್ಧ ಗಂಟೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಎಪಿಐ ಎಂದರೇನು ಎಂದು ಹೇಳಿದರು ನೋಡಿ, ನನಗೆ ನಗು ತಡೆಯಲಾಗಲಿಲ್ಲ. ಅದೊಂದು ವಿಚಾರಣೆ ಕಿಟಕಿ ಅಷ್ಟೇ! ಸರಿಯಾದ ವಿಳಾಸಕ್ಕೆ ಹೋಗಿ, ಸರಿಯಾದ ರೀತಿಯಲ್ಲಿ ಕೇಳಿದರೆ ಉತ್ತರ ಕೊಡುತ್ತದೆ. ಅಡ್ಡಾದಿಡ್ಡಿ ಕೇಳಿದರೆ ನಾನ್ನೂರ ನಾಲ್ಕು, ಅಂದರೆ ಅಂಥದ್ದು ಇಲ್ಲಿಲ್ಲ, ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತದೆ. ಇಷ್ಟು ವರ್ಷ ನಾನು ಮಾಡಿದ್ದೂ ಇದನ್ನೇ. ನಾನ್ನೂರ ನಾಲ್ಕು ಅನ್ನುವುದೊಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ದಿನಕ್ಕೆ ಹತ್ತು ಜನಕ್ಕೆ ಅನ್ನುತ್ತಿದ್ದೆ.

ಸಂಜೆಯ ಹೊತ್ತಿಗೆ ನನ್ನ ಮೊದಲ ಪುಟ ತಯಾರು. ಬಿಳಿ ಹಾಳೆ, ಮೇಲೆ ದಪ್ಪ ಅಕ್ಷರದಲ್ಲಿ "ನಮಸ್ಕಾರ ಪ್ರಯಾಣಿಕರೇ". ಬೇರೇನೂ ಇಲ್ಲ. ಅದನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ಹದಿನೈದು ಸಲ ನೋಡಿದೆ. ಕುರ್ಚಿಯಲ್ಲಿ ಒರಗಿದ್ದ ಹೆಡ್‌ಮೇಡಂ ಕಣ್ಣು ಮುಚ್ಚಿಕೊಂಡೇ, ಆ ವೀಡಿಯೊದವನು ಬ್ರಾಕೆಟ್ ತೆರೆದವರು ಮುಚ್ಚಲೇಬೇಕು ಎಂದ, ನೀನು ಕೇಳಿಸಿಕೊಂಡೆಯೋ ಇಲ್ಲವೋ ಎಂದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅಷ್ಟೂ ಪಾಠ ಕೇಳಿಸಿಕೊಂಡಿದ್ದಾರೆ.

ಜೂನ್ 10, ಮಂಗಳವಾರ

ಬೆಳಗ್ಗೆ ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು, ಸರದಿ ತಪ್ಪಿಸಿಕೊಂಡೆವು. ಪ್ರಪಂಚಕ್ಕೆಲ್ಲ ಹೊತ್ತಾಯಿತು ಎನ್ನುವ ಹೆಡ್‌ಮೇಡಂ ತಾವು ಮಾತ್ರ ಹೊಸಿಲು ದಾಟುವುದಿಲ್ಲ. ಕರವಸ್ತ್ರ ಮಡಿಸಬೇಕು, ಕನ್ನಡಕ ಹುಡುಕಬೇಕು (ಹಾಕಿದರೂ ಏನೂ ಕಾಣದು), ಗೇಟಿನವರೆಗೆ ಹೋಗಿ ಬೀಗ ಜಗ್ಗಲು ವಾಪಸು ಬರಬೇಕು. ಮೂರು ಸಲ ಜಗ್ಗಿದರು. ನಮ್ಮ ನಂಬರು ಕೂಗಿ ಇಪ್ಪತ್ತು ನಿಮಿಷ ಆಗಿತ್ತು. ಆಪರೇಷನ್ ದಿನ, ಅಂದರೆ ಜುಲೈ ಏಳಕ್ಕೆ, ಒಂಬತ್ತು ಗಂಟೆಗೆ ಬಾರದಿದ್ದರೆ ಮತ್ತೆ ಎರಡು ತಿಂಗಳು ಕಾಯಬೇಕು ಎಂದು ನರ್ಸು ಗದರಿದರು. ಹೆಡ್‌ಮೇಡಂ ನನ್ನ ಕಡೆ ತಿರುಗಿ, ನೋಡು, ಸಮಯಕ್ಕೆ ಬೆಲೆ ಕೊಡಬೇಕು ಎಂದರು. ನನಗೆ!

ಮಧ್ಯಾಹ್ನ ಪುಟ ತೆರೆಯಲೇ ಇಲ್ಲ. ಎಲ್ಲೋ ಒಂದು ಬ್ರಾಕೆಟ್ ಮುಚ್ಚಿಲ್ಲ. ಹುಡುಕಿ ಹುಡುಕಿ ನನ್ನ ಕಣ್ಣೂ ಮಂಜಾಯಿತು. ಆಗ ಇವರು ಒಂದು ಉಪಾಯ ಹೇಳಿದರು. ತೆರೆದ ಬ್ರಾಕೆಟ್ಟಿಗೆ ಚಮಚದಿಂದ ಲೋಟಕ್ಕೆ ಹೊಡಿ, ಮುಚ್ಚಿದ್ದಕ್ಕೆ ಮೇಜಿಗೆ ಹೊಡಿ. ನಾನು ಮೇಲಿನ ಸಾಲಿನಿಂದ ಶುರುಮಾಡಿದೆ. ಟಿಂಗ್. ಟಿಂಗ್. ಟಕ್. ಟಿಂಗ್. ಟಕ್. ಟಕ್. ಪಕ್ಕದ ಮನೆಯವರು ಗೋಡೆಯಾಚೆಯಿಂದ ಏನಾಯಿತು ಎಂದು ಕೇಳಿದರು. ಇವರು ಕೈಬೆರಳು ಮಡಿಸುತ್ತ ಬಿಚ್ಚುತ್ತ ಕೊನೆಗೆ "ಇಪ್ಪತ್ತಮೂರು ತೆರೆದಿದ್ದೀಯ, ಇಪ್ಪತ್ತೆರಡು ಮುಚ್ಚಿದ್ದೀಯ. ಎಂಟನೇ ಟಿಂಗ್ ಆದ್ಮೇಲೆ ಮರ್ತಿದ್ದೀಯ" ಎಂದರು. ಎಂಟನೆಯದನ್ನು ಹುಡುಕಿದೆ. ಅಲ್ಲೇ!

ಪುಟ ತೆರೆಯಿತು. ಖುಷಿಗೆ ಲೋಟಕ್ಕೆ ಹತ್ತು ಸಲ ಹೊಡೆದೆ. ಅವರು ಗಾಬರಿಯಿಂದ ಇಷ್ಟೊಂದು ತೆರೆಯಬೇಡ ಎಂದರು.

ಜೂನ್ 13, ಶುಕ್ರವಾರ

ಎಪಿಐ ಉತ್ತರ ಕೊಟ್ಟಿತು! ಅಂದರೆ ಉತ್ತರದಂಥದ್ದೇನೋ ಕೊಟ್ಟಿತು. ಹನ್ನೆರಡು ಬಸ್ಸುಗಳ ಪಟ್ಟಿ ಬಂತು, ಹನ್ನೆರಡೂ ಹೋಗುವುದು "ಅನ್‌ಡಿಫೈನ್ಡ್" ಎಂಬಲ್ಲಿಗೆ, ಅಂದರೆ ಯಾವ ಊರೋ ಅದಕ್ಕೇ ಗೊತ್ತಿಲ್ಲ. ಸ್ಲೇಟಿನ ಮೇಲೆ ಗೇಣುದ್ದ ಅಕ್ಷರದಲ್ಲಿ ಬರೆದು ಅತ್ತೆಯ ಮೂಗಿನ ಹತ್ತಿರ ಹಿಡಿದೆ, ಅಷ್ಟು ದೊಡ್ಡದಾದರೆ ಅವರಿಗೆ ಓದಲು ಬರುತ್ತದೆ. ಊರಿನ ಹೆಸರನ್ನು ನೀನು ಯಾವ ಹೆಸರಿಂದ ಕೇಳಿದೆ, ಅವರು ಯಾವ ಹೆಸರಿಂದ ಇಟ್ಟಿದ್ದಾರೆ, ಎರಡನ್ನೂ ಅಕ್ಷರ ಅಕ್ಷರ ಹೋಲಿಸು ಎಂದರು. ನಾನು ಊರು ಕೊಡಿ ಎಂದಿದ್ದೆ, ಅವರು ಕೊನೆಯ ನಿಲ್ದಾಣ ಎಂದು ಇಟ್ಟಿದ್ದರು. ಸರಿ ಹೋಯಿತು. ಉತ್ತರ ಪತ್ರಿಕೆಗೆ ಹತ್ತಕ್ಕೆ ಆರು ಅಂಕ ಕೊಟ್ಟಿದ್ದಾರೆ. ಆರು ಬಹಳ ಕಡಿಮೆಯಾಯಿತು.

ಜೂನ್ 15, ಭಾನುವಾರ

ನಮ್ಮವರ ಫೋನು ಬಂತು. ಒಂದು ಟಕ್ ಎಂದರೆ ಹೌದು, ಎರಡು ಎಂದರೆ ಇಲ್ಲ. ಅಮ್ಮನ ಜೊತೆ ಜಗಳ ಆಡ್ತಿಲ್ಲ ತಾನೇ ಎಂದು ಕೇಳಿದರು. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂದು ತಿಳಿಯದೆ ಮೂರು ಸಲ ಕುಟ್ಟಿದೆ. ಅತ್ತೆ ಗಡಿಯಾರದ ಧೂಳು ಒರೆಸುತ್ತಿದ್ದವರು ಫೋನು ಕಿತ್ತುಕೊಂಡು, ನಮಗೆ ಕೆಲಸ ಇದೆ, ಆಮೇಲೆ ಮಾಡು ಎಂದು ಇಟ್ಟೇಬಿಟ್ಟರು.

ಜೂನ್ 17, ಮಂಗಳವಾರ

ಏನೂ ಬರುತ್ತಿಲ್ಲ. ಖಾಲಿ ಪುಟ. ತಲೆ ಕೆಟ್ಟು ಗೊಬ್ಬರ ಆಗಿದೆ. ನಲವತ್ತೊಂದು ಛತ್ರಿ ಕಣ್ಣ ಮುಂದೆ ಬರುತ್ತಿವೆ.

ಜೂನ್ 18, ಬುಧವಾರ

ಇವತ್ತೂ ಇಲ್ಲ.

ಜೂನ್ 19, ಗುರುವಾರ

ಬಂತು, ಬಂತು, ಬಂತು! ತಪ್ಪು ನನ್ನದೇ. ಎಪಿಐ ಉತ್ತರ ತರುವವರೆಗೆ ಕಾಯದೆ ಪುಟ ಪಟ್ಟಿಯನ್ನು ಬರೆಯಲು ಹೊರಟಿತ್ತು. ಕಾಯಿ ಎಂದು ಒಂದು ಪದ ಹಾಕಬೇಕಿತ್ತಷ್ಟೇ. ಇದನ್ನು ಕಂಡುಹಿಡಿದವರು ಅತ್ತೆ. ವೀಡಿಯೊವನ್ನು ಮೂರನೇ ಸಲ ಕೇಳುವಾಗ ತಟ್ಟನೆ ಎದ್ದು ಕೂತು, ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಉತ್ತರ ಹೇಳಲು ಪುರುಸೊತ್ತು ಕೊಡಬೇಕು, ಎಲ್ಲಿ ಕೊಟ್ಟಿದ್ದೀಯ ತೋರಿಸು ಎಂದರು. ಎಲ್ಲೂ ಕೊಟ್ಟಿರಲಿಲ್ಲ.

ಈಗ ಪುಟದಲ್ಲಿ ಬಸ್ಸಿನ ನಂಬರು, ಹೋಗುವ ಊರು, ಪ್ಲಾಟ್‌ಫಾರ್ಮು, ಬರಲು ಎಷ್ಟು ನಿಮಿಷ ಎಲ್ಲವೂ ಇದೆ. ಅರ್ಧ ನಿಮಿಷಕ್ಕೊಮ್ಮೆ ತಾನೇ ಬದಲಾಗುತ್ತದೆ. ಪರೀಕ್ಷೆಗೆಂದು ಸದ್ಯಕ್ಕೆ ನಮ್ಮ ಮನೆ ಹತ್ತಿರದ ನಿಲ್ದಾಣವನ್ನೇ ಹಾಕಿದ್ದೇನೆ. ಎಲ್ಲೋ ದೂರದ ರಸ್ತೆಯಲ್ಲಿ ನಲವತ್ತೆರಡನೇ ನಂಬರಿನ ಬಸ್ಸು ಬರುತ್ತಿದೆ, ಇಲ್ಲಿ ನಮ್ಮ ಊಟದ ಮೇಜಿನ ಮೇಲೆ ಹನ್ನೊಂದು, ಹತ್ತು, ಒಂಬತ್ತು ಎಂದು ಇಳಿಯುತ್ತಿದೆ. ನನಗೆ ಹುಚ್ಚೇ ಹಿಡಿಯಿತು. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಮೂಲೆಯ ನಿಲ್ದಾಣಕ್ಕೆ ಓಡಿದೆವು. ಅತ್ತೆ ಇವತ್ತು ಬೀಗವನ್ನೂ ಜಗ್ಗಲಿಲ್ಲ. ಮೊಬೈಲಿನಲ್ಲಿ ನಮ್ಮ ಪುಟ ಸೊನ್ನೆ ತೋರಿಸಿತು, ತಿರುವಿನಲ್ಲಿ ನಲವತ್ತೆರಡು ಬಂದು ನಿಂತಿತು. ಅತ್ತೆ ಕೈ ಚಾಚಿ ಬಸ್ಸಿನ ಬದಿಯನ್ನು ಮುಟ್ಟಿ ನೋಡಿದರು. ಹತ್ತುತ್ತೀರಾ ಎಂದು ಕಂಡಕ್ಟರು ಕೇಳಿದ್ದಕ್ಕೆ, ಇಲ್ಲಪ್ಪ, ಬಂತೋ ಇಲ್ಲವೋ ನೋಡೋಕೆ ಬಂದ್ವಿ ಎಂದರು. ಕಂಡಕ್ಟರ ಮುಖ ನೋಡಿ ನಗು ಬಂದು, ಸದ್ದು ಮಾಡದೆ ನಗಲು ಹೋಗಿ, ನನ್ನ ಹೊಟ್ಟೆ ಹಿಡಿದುಕೊಂಡಿತು.

ಹತ್ತಕ್ಕೆ ಒಂಬತ್ತು ಕೊಟ್ಟರು. ಇನ್ನೊಂದು ಅಂಕ ಯಾಕೆ ಕಳೆದರು ಎಂದರೆ, ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟಿಲ್ಲವಂತೆ.

ಜೂನ್ 23, ಸೋಮವಾರ

ಮ್ಯಾನೇಜರರಿಗೆ ತೋರಿಸಿದೆ. ಮಾತಿಲ್ಲದೆ ಹೇಗೆ ವಿವರಿಸುವುದು ಎಂದು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ನಾನು ಬೆರಳು ತೋರಿಸುವುದು, ಕಾಣದ ಅತ್ತೆ ವಿವರಿಸುವುದು. ಒಂದೆರಡು ಸಲ ಅವರು ಪರದೆಗೆ ಬೆನ್ನು ಹಾಕಿ ಗೋಡೆಗೆ ಪಾಠ ಮಾಡಿದರು. ಮ್ಯಾನೇಜರರು ಅರ್ಧ ಗಂಟೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಗುರುವಾರ ಒಂದು ದಿನ ಕಾಯುವ ಹಾಲಿನ ಟಿವಿಯಲ್ಲಿ ಹಾಕೋಣ, ದೂರಿನ ಪುಸ್ತಕದಲ್ಲಿ ಒಂದು ದೂರೂ ಬರದಿದ್ದರೆ ಯಂತ್ರ ಬೇಡವೆಂದು ಪ್ರಧಾನ ಕಚೇರಿಗೆ ನಾನೇ ಬರೆಯುತ್ತೇನೆ ಎಂದರು. ಒಂದು ಬಂದರೂ ಛತ್ರಿ ಕೋಣೆ. ಅದನ್ನು ಅವರು ಹೇಳಲಿಲ್ಲ, ನಾನೇ ಹೇಳಿಕೊಂಡೆ.

ಜೂನ್ 26, ಗುರುವಾರ

ಏಳು ದೂರು.

ಪುಟ ಒಂದು ಸಲವೂ ಕೆಡಲಿಲ್ಲ. ಒಂದು ನಿಮಿಷವೂ ತಪ್ಪು ತೋರಿಸಲಿಲ್ಲ. ಐದು ಎಂದರೆ ಐದಕ್ಕೇ ಬಸ್ಸು ಬಂತು. ಆದರೂ ಏಳು ಜನ ಬಸ್ಸು ತಪ್ಪಿಸಿಕೊಂಡರು. ಮೊಣಕಾಲು ನೋವಿನ ತಾತ, ಹೆಣಿಗೆ ಹಾಕುತ್ತ ಕೂರುವ ಅಜ್ಜಿ, ದೊಡ್ಡ ವಾದ್ಯದ ಪೆಟ್ಟಿಗೆ ಹೊರುವ ಸಂಗೀತದ ಮೇಷ್ಟ್ರು, ಎಲ್ಲ ನನ್ನ ಹಳೆಯ ಪ್ರಯಾಣಿಕರೇ. ಪರದೆಯಲ್ಲಿ ಇನ್ನೂ ನಾಲ್ಕು ನಿಮಿಷ ಇದೆ ಎಂದಿದ್ದಾಗ ತಾತ ಚೀಲದಿಂದ ಬಾಳೆಹಣ್ಣು ತೆಗೆದು ಸುಲಿಯತೊಡಗಿದರು. ಒಂದು ನಿಮಿಷ ಎಂದಾಗ ಎದ್ದರು. ಒಂಬತ್ತನೇ ಪ್ಲಾಟ್‌ಫಾರ್ಮಿಗೆ ಇನ್ನೂರು ಹೆಜ್ಜೆ. ಬಸ್ಸಿನ ಹಿಂಭಾಗ ನೋಡಿದರು, ಕೈಯಲ್ಲಿ ಸಿಪ್ಪೆ. ನಾನು ಮೈಕಿನ ಕೋಣೆಯ ಗಾಜಿನ ಹಿಂದೆ ನಿಂತು ಎಲ್ಲ ನೋಡುತ್ತಿದ್ದೆ, ಏಳಿ ತಾತ, ಏಳಿ ಎಂದು ಕೂಗುವ ಹಾಗಿಲ್ಲ. ಗಾಜಿಗೆ ಕುಟ್ಟಿದೆ. ಅವರು ನನಗೆ ಕೈ ಬೀಸಿದರು.

ಅಜ್ಜಿ ದೂರಿನ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಆ ಅಮ್ಮ ಕೂಗುವಾಗ ಒಂದು ದಿನವೂ ಬಸ್ಸು ತಪ್ಪಿರಲಿಲ್ಲ.

ಓದಿ ಪುಸ್ತಕ ಮುಚ್ಚಿಟ್ಟೆ. ಉತ್ತರ ನನಗೆ ಗೊತ್ತಿತ್ತು, ನನಗೊಬ್ಬಳಿಗೇ. ಬಸ್ಸು ಬಂದೇಬಿಟ್ಟಿತು ಎಂದು ನಾನು ಕೂಗುತ್ತಿದ್ದದ್ದು ಅದು ಬರುವ ನಾಲ್ಕು ನಿಮಿಷ ಮುಂಚೆ. ಇಪ್ಪತ್ತೊಂದು ವರ್ಷ, ಪ್ರತಿಯೊಂದು ಬಸ್ಸಿಗೆ. ಕೂತವರು ಏಳಬೇಕು, ಚೀಲ ಹುಡುಕಬೇಕು, ಮಗುವಿನ ಚಪ್ಪಲಿ ಹಾಕಬೇಕು, ಅಷ್ಟು ದೂರ ನಡೆಯಬೇಕು. ಯಾರೂ ಹೇಳಿಕೊಟ್ಟಿರಲಿಲ್ಲ, ಮೊದಲ ತಿಂಗಳಲ್ಲೇ ಬಾಯಿಗೆ ಅಭ್ಯಾಸವಾಗಿತ್ತು. ಪುಟ ಕಟ್ಟುವಾಗ ನೆನಪೇ ಆಗಲಿಲ್ಲ. ಮ್ಯಾನೇಜರರು ಬೇಜಾರಿನಿಂದ, ಸೋಮವಾರ ಇನ್ನೊಂದು ಅವಕಾಶ, ಅದೇ ಕೊನೆ ಎಂದರು.

ಜೂನ್ 27, ಶುಕ್ರವಾರ

ಬೆಳಗ್ಗೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. "ಎಲ್ಲಾ ಬಸ್ಸಿಗೂ ನಾಲ್ಕು ಕಳೀಬೇಕು." ಅತ್ತೆ ಯಾಕೆ ಎಂದರು. ಒರೆಸಿ ಒರೆಸಿ ಬರೆದು ಹೇಳುವಷ್ಟರಲ್ಲಿ ಎರಡು ಬಳಪ ಮುಗಿದವು. ಓದುತ್ತ ಓದುತ್ತ ಅವರ ಮುಖ ಗಂಟಾಯಿತು. ಅಂದರೆ ಇಷ್ಟು ವರ್ಷ ಮೈಕಿನಲ್ಲಿ ಸುಳ್ಳು ಹೇಳುತ್ತಿದ್ದೆಯಾ ಎಂದು ಕೇಳಿದರು. ಒಂದು ಟಕ್. ಅವರು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮೂವತ್ತೈದು ವರ್ಷ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆದ ಕೈ, ಇನ್ನು ಈ ಪುಟ ಮುಟ್ಟುವುದಿಲ್ಲ ಎಂದುಕೊಂಡೆ. ಛತ್ರಿ ಎಣಿಸುವುದೊಂದೇ ಗತಿ ಎನ್ನಿಸಿ ಅಳು ಬಂತು. ಅಳುವುದಕ್ಕೂ ದನಿ ಬೇಕು, ಅದೂ ಇಲ್ಲ.

ಹೊರಗೆ ಬಂದಾಗ ಅವರ ಕೈಯಲ್ಲಿ ಅಡುಗೆಮನೆಯ ಗಡಿಯಾರವಿತ್ತು. ಮಡಿಲಲ್ಲಿಟ್ಟುಕೊಂಡು ಕೂತರು. ಅದರ ಹಿಂದಿನ ಗುಂಡಿಯನ್ನು ಬೆರಳಿನಿಂದ ಸವರಿದರು.

"ಇದಕ್ಕೆ ಯಾವ ರೋಗಾನೂ ಇಲ್ಲ ಕಣೆ," ಎಂದರು. "ನಾನೇ ತಿರುಗಿಸ್ತಿದ್ದೆ."

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನು ಮೂರು ದಿನ ತಡ ಆಗಿ ಮೆಮೊ ತಂದಿದ್ದೆ, ನೆನಪಿದೆಯಾ? ಅಡುಗೆಮನೇಲಿ ನಿಂತು ಅಳ್ತಿದ್ದೆ. ಆ ಭಾನುವಾರ ನಾನು ಮೊದಲನೇ ಸಲ ತಿರುಗಿಸ್ದೆ."

ಸ್ಲೇಟು ಎಳೆದುಕೊಂಡು, ಯಾಕೆ ಒಂದೊಂದು ವಾರ ಒಂದೊಂದು ಥರ ಎಂದು ಬರೆದೆ. ಅವರು ಅದನ್ನು ಮೂಗಿಗೆ ಹಿಡಿದು ಓದಿ, ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನನ್ನ ಕಡೆ ನೋಡಿದರು.

"ಯಾವಾಗಲೂ ಹತ್ತು ನಿಮಿಷ ಅಂತ ಗೊತ್ತಾದ್ರೆ ನೀನು ಮನಸ್ಸಲ್ಲೇ ಹತ್ತು ಕಳ್ದು ಆರಾಮಾಗಿ ಕೂತ್ಬಿಡ್ತೀಯ. ಎಷ್ಟು ಅಂತ ತಿಳೀಬಾರದು, ಆಗಲೇ ಮನುಷ್ಯ ಏಳೋದು."

ಮೊಬೈಲಿನಲ್ಲಿ ಸರಿಯಾದ ಹೊತ್ತು ಇರುತ್ತದೆ, ನಿಜ. ಆದರೆ ಒಲೆಯ ಮುಂದೆ ಸೌಟು ಹಿಡಿದು ನಿಂತವಳು ನೋಡುವುದು ಕಪಾಟಿನ ಗಡಿಯಾರವನ್ನೇ. ಬೆನ್ನ ಹಿಂದೆ ಎಂಟೂಕಾಲಾಯ್ತು, ಎಂಟೂವರೆಯಾಯ್ತು ಎಂಬ ಕೂಗು. ನನ್ನನ್ನು ಮನೆಯಿಂದ ಆಚೆ ಅಟ್ಟಿದರೆ ಇವರಿಗೆ ಸಮಾಧಾನ ಎಂದು ಇಪ್ಪತ್ತೊಂದು ವರ್ಷ ಹಲ್ಲು ಕಡಿದಿದ್ದೇನೆ. ನಾನೊಬ್ಬಳೇ ಇಡೀ ನಿಲ್ದಾಣವನ್ನು ಹೀಗೆ ಎಬ್ಬಿಸುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನನ್ನು ಒಬ್ಬರು ಎಬ್ಬಿಸುತ್ತಿದ್ದರು. ಅವರ ಮಡಿಲಿನ ಗಡಿಯಾರದ ಮೇಲೆ ತಲೆಯಿಟ್ಟು ಕಣ್ಣೀರು ಹಾಕಿದೆ, ಆಮೇಲೆ ಅದು ಕಿವಿಯ ಹತ್ತಿರ ಟಿಕ್ ಟಿಕ್ ಎಂದದ್ದಕ್ಕೆ ನಗು ಬಂದು ನಕ್ಕೆ. ಅವರೂ ನಕ್ಕರು. ಇಬ್ಬರಿಗೂ ನಿಲ್ಲಿಸಲಾಗಲಿಲ್ಲ.

ಜೂನ್ 28, ಶನಿವಾರ

ನಾಲ್ಕೇ ನಾಲ್ಕು ಕಳೆದರೆ ತಿಂಗಳೊಳಗೆ ತಾತನಿಗೆ ಗುಟ್ಟು ತಿಳಿದು ಮತ್ತೆ ಬಾಳೆಹಣ್ಣು ಸುಲಿಯುತ್ತಾರೆ. ಆದ್ದರಿಂದ ಮೂರು, ನಾಲ್ಕು, ಐದು, ಕಂಪ್ಯೂಟರು ತನಗೆ ಬಂದಂತೆ ಒಂದನ್ನು ಆರಿಸಿ ಕಳೆಯಲಿ ಎಂದು ಬರೆದೆ. ಪುಟ ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತದೆ ಎಂಬುದನ್ನು ಮರೆತಿದ್ದೆ. ನಲವತ್ತೆರಡನೇ ನಂಬರು ಏಳು ನಿಮಿಷ ಎಂದಿತು, ಆರು ಎಂದಿತು, ಎಂಟು ಎಂದಿತು, ಮತ್ತೆ ಆರು ಎಂದಿತು. ಡ್ರೈವರು ಬಸ್ಸನ್ನು ಹಿಂದಕ್ಕೂ ಮುಂದಕ್ಕೂ ಕುಣಿಸುತ್ತಿರುವ ಹಾಗಿತ್ತು! ನಗುತ್ತಲೇ ಸ್ಲೇಟಿಗೆ ಬರೆದು ಅತ್ತೆಗೆ ತೋರಿಸಿದೆ.

ಅತ್ತೆ ಎರಡು ನಿಮಿಷ ಕಣ್ಣು ಮುಚ್ಚಿದರು. ಬಸ್ಸಿನ ನಂಬರಿಗೆ ಆ ದಿನದ ತಾರೀಖು ಕೂಡಿಸು, ಮೂರರಿಂದ ಭಾಗಿಸು, ಉಳಿದ ಶೇಷಕ್ಕೆ ಮೂರು ಸೇರಿಸು, ಅದನ್ನು ಕಳಿ ಎಂದರು. ಬಸ್ಸಿಗೊಂದು, ದಿನಕ್ಕೊಂದು, ದಿನವಿಡೀ ಅದೇ. ಸುಳ್ಳಾದರೂ ಅಚ್ಚುಕಟ್ಟಾಗಿರಬೇಕಲ್ಲ. ಆದರೆ ಒಂದು ಷರತ್ತು ಹಾಕಿದರು. ಬರುವ ಹೊತ್ತು ಎಂದು ಮೇಲೆ ಬರೆದು ಬೇರೆ ಲೆಕ್ಕ ತೋರಿಸಿದರೆ ಅದು ತಪ್ಪು ಉತ್ತರ, ತಮ್ಮ ಕೈಯಲ್ಲಿ ಸೊನ್ನೆಯೇ ಸಿಗುತ್ತದೆ. ಹಾಗಾಗಿ ಆ ಜಾಗದಲ್ಲಿ "ಏಳಬೇಕಾದ ಹೊತ್ತು" ಎಂದು ಹಾಕಿದೆ. ಎಣಿಕೆ ಸೊನ್ನೆಯಾದ ಮೇಲೆ ಏನು ತೋರಿಸುವುದು ಎಂಬುದನ್ನು ಅವರನ್ನು ಕೇಳಲಿಲ್ಲ. ಅದು ನನ್ನ ಇಲಾಖೆ. "ಬಂದೇಬಿಟ್ಟಿತು, ಏಳಿ ಏಳಿ" ಎಂದು ಕೆಂಪು ಅಕ್ಷರದಲ್ಲಿ ಬರೆದೆ.

ಟಿಂಗ್ ಮೂವತ್ತೊಂದು, ಟಕ್ ಮೂವತ್ತೊಂದು.

ಜೂನ್ 30, ಸೋಮವಾರ

ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ನೂರ ಹದಿನಾಲ್ಕು ಬಸ್ಸು. ದೂರಿನ ಪುಸ್ತಕ ಖಾಲಿ!

ತಾತ ಕೆಂಪು ಅಕ್ಷರ ನೋಡಿದ್ದೇ ತಡ, ಬಾಳೆಹಣ್ಣನ್ನು ಸಿಪ್ಪೆಸಮೇತ ಚೀಲಕ್ಕೆ ತುರುಕಿ ಹೊರಟರು. ಅಜ್ಜಿ ಪರದೆಯ ಕಡೆಗೊಮ್ಮೆ, ನನ್ನ ಗಾಜಿನ ಕಡೆಗೊಮ್ಮೆ ನೋಡಿ, ಹೆಣಿಗೆ ಕಡ್ಡಿಗಳನ್ನು ಜೋಡಿಸಿ ಎದ್ದರು. ಸಂಗೀತದ ಮೇಷ್ಟ್ರು ಬಸ್ಸಿನ ಬಾಗಿಲಲ್ಲಿ ಒಂದು ನಿಮಿಷ ಕಾದು ನಿಂತಿದ್ದನ್ನು ಕಣ್ಣಾರೆ ಕಂಡೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ ನನಗೆ. ಆ ಸಣ್ಣ ಕೋಣೆಯಲ್ಲಿ ಕುಣಿಯಲು ಹೋಗಿ ಮೈಕಿನ ವೈರು ಎಡವಿದೆ.

ಮ್ಯಾನೇಜರರು ಪುಸ್ತಕದ ಖಾಲಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ ಎಂದರು. ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟೆ, ಇಪ್ಪತ್ತೊಂದು ವರ್ಷದ ನಾಲ್ಕು ನಿಮಿಷವನ್ನೂ ಸೇರಿಸಿ. ಬೈದರೆ ಬೈಯಲಿ. ಮೂರು ಸಲ ಓದಿದರು, ತಮ್ಮ ಕೈಗಡಿಯಾರ ನೋಡಿಕೊಂಡರು, ಚೀಟಿ ಮಡಿಸಿ ಜೇಬಿಗಿಟ್ಟರು. ಆಮೇ‌ಲೆ ಪ್ರಧಾನ ಕಚೇರಿಗೆ ಕಾಗದ ಬರೆದು ನನ್ನೆದುರೇ ಸಹಿ ಹಾಕಿದರು. ಯಂತ್ರ ಬೇಡ. ಪರದೆ ಇರಲಿ, ಅದರ ಹಿಂದೆ ಆ ಕೋಣೆಯವರೂ ಇರಲಿ.

ಮನೆಗೆ ಬಂದು ಲೋಟಕ್ಕೆ ಹೊಡೆದೆ. ಟಿಂಗ್ ಟಿಂಗ್ ಟಿಂಗ್ ಟಿಂಗ್. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹತ್ತಕ್ಕೆ ಹತ್ತು" ಎಂದರು.

ಜುಲೈ 4, ಶುಕ್ರವಾರ

ಗಂಟಲಿನ ಡಾಕ್ಟರ ಆಸ್ಪತ್ರೆಯಿಂದ ಫೋನು. ಮಂಗಳವಾರವೇ ಬರಬೇಕಿತ್ತು, ಯಾಕೆ ಬರಲಿಲ್ಲ? ಕ್ಯಾಲೆಂಡರು ನೋಡಿ ತಲೆ ಚಚ್ಚಿಕೊಂಡೆ. ನಾಲ್ಕು ವಾರ ಯಾವಾಗ ಮುಗಿಯುತ್ತದೋ ಎಂದು ಮೊದಲ ವಾರ ದಿನ ಎಣಿಸುತ್ತಿದ್ದವಳಿಗೆ ಮುಗಿದದ್ದೇ ಗೊತ್ತಾಗಿಲ್ಲ. ಮೂರು ದಿನದಿಂದ ಸುಮ್ಮಸುಮ್ಮನೆ ಬಳಪ ಸವೆಸುತ್ತಿದ್ದೇನೆ.

ಡಾಕ್ಟರು ನೋಡಿ, ಗಾಯ ಮಾಗಿದೆ, ಮಾತಾಡಿ, ಆದರೆ ಮೈಕಿನಲ್ಲಿ ಇನ್ನೊಂದು ತಿಂಗಳು ಬೇಡ ಎಂದರು. ಮನೆಗೆ ಬಂದು ಬಾಗಿಲಲ್ಲಿ ನಿಂತು "ಅತ್ತೇ" ಎಂದೆ. ಒಳಗಿನಿಂದ "ಯಾರಮ್ಮ? ಮನೇಲಿ ಸೊಸೆ ಇಲ್ಲ, ಆಮೇಲೆ ಬನ್ನಿ" ಎಂದರು. ದನಿ ಅಷ್ಟು ಬದಲಾಗಿದೆ. ಚಪ್ಪಲಿ ಸ್ಟ್ಯಾಂಡಿಗೆ ಬೀಗದ ಕೈಯಿಂದ ಎರಡು ಸಲ ಕುಟ್ಟಿದೆ, ಟಕ್ ಟಕ್. ಓ ನೀನಾ, ಬಾ ಎಂದರು.

ಗೋಡೆಯ ಮೇಲಿದ್ದ ಪ್ರಮಾಣಪತ್ರ ತೆಗೆದು ಅತ್ತೆಯ ಕೋಣೆಯಲ್ಲಿ, ಅವರ ಮಂಚದ ಎದುರಿಗೆ ನೇತುಹಾಕಿದ್ದೇನೆ. ಈಗ ಕಾಣುವುದಿಲ್ಲ. ಸೋಮವಾರ ಆದ ಮೇಲೆ ಕಾಣುತ್ತದೆ.

ಜುಲೈ 7, ಸೋಮವಾರ, ಬೆಳಗ್ಗೆ

ಇವತ್ತು ಅತ್ತೆಯ ಕಣ್ಣಿನ ಆಪರೇಷನ್. ಒಂಬತ್ತಕ್ಕೆ ಸರಿಯಾಗಿ ಅಲ್ಲಿರಬೇಕು, ಇಲ್ಲದಿದ್ದರೆ ಇನ್ನೆರಡು ತಿಂಗಳು ಮಂಜು. ಕರವಸ್ತ್ರ ಮಡಿಸುವುದಿದೆ, ಕನ್ನಡಕ ಹುಡುಕುವುದಿದೆ, ಬೀಗ ಜಗ್ಗುವುದಿದೆ. ಇನ್ನೂ ಸ್ನಾನಕ್ಕೇ ಹೋಗಿಲ್ಲ, ಹಾಸಿಗೆಯಲ್ಲಿ ಕೂತು ಪಾಸಾದವರ ಹಾಗೆ ಕಾಲಾಡಿಸುತ್ತಿದ್ದಾರೆ.

ನಾನು ಅಡುಗೆಮನೆಗೆ ಹೋಗಿ ಕಪಾಟಿನ ಮೇಲಿಂದ ಗಡಿಯಾರ ಇಳಿಸಿದೆ. ಹಿಂದಿನ ಗುಂಡಿ ಸವೆದು ನುಣ್ಣಗಾಗಿದೆ, ಬೆರಳಿಗೆ ಹಿತವಾಗಿ ಸಿಗುತ್ತದೆ. ತಿರುಗಿಸಿ, ಧೂಳು ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಅವರ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಹೊಸ ಒರಟು ದನಿಯಲ್ಲಿ "ಎಂಟೂಕಾಲಾಯ್ತು, ಇನ್ನೂ ಇಲ್ಲೇ ಇದ್ದೀರಲ್ಲ" ಎಂದೆ. ಅವರು ಗಡಬಡಿಸಿ ಎದ್ದರು. ಹೊಸಿಲಲ್ಲಿ ನಿಂತು, ನನ್ನ ಮುಖವಿರುವ ಕಡೆ ನೋಡಿ, ಎಷ್ಟು ತಿರುಗಿಸಿದ್ದೀಯ ಎಂದು ಕೇಳಿದರು. ನಾನು ಹೇಳಲಿಲ್ಲ.

ಇಲ್ಲೂ ಬರೆಯುವುದಿಲ್ಲ. ನಾಳೆಯಿಂದ ಅವರಿಗೆ ಓದಲು ಬರುತ್ತದೆ.